ಹಾಯಿಯ ಮೇಲಿನ ಶಿಲುಬೆ, ಹೆಗಲ ಮೇಲಿನ ಶಿಲುಬೆ

ಅಘನಾಶಿನಿಯು ಕುಮಟೆಯ ಬಡಗಣ ತದಡಿಯಲ್ಲಿ, ಶರಾವತಿಯು ಹೊನ್ನಾವರದಲ್ಲಿ, ಶರಾಬಿ ಹೊಳೆಯು ಭಟ್ಕಳದಲ್ಲಿ ಕಡಲನ್ನು ಕೂಡುವ ಕರಾವಳಿಯ ಈ ತುಂಡು ನೆಲಕ್ಕೆ ಕ್ರಿಸ್ತನ ಶಿಲುಬೆಯ ಗುರುತು ಎದ್ದು ಕಾಣುವಂತೆ ಬಂದುದು ಪಡುವಣ ದಿಕ್ಕಿನಿಂದ, ಯುದ್ಧನೌಕೆಗಳ ಹಾಯಿಯ ಮೇಲೆ. ಪೋರ್ತುಗಲ್ಲಿನ ನಾವಿಕರು ತಮ್ಮ ಹಾಯಿಗಳ ಮೇಲೆ ಕೆಂಪು ಬಣ್ಣದಲ್ಲಿ ಬರೆಯಿಸಿಕೊಂಡಿದ್ದ ಆ ಚಿಹ್ನೆ, ೧೩೧೯ರಲ್ಲಿ ಆ ದೇಶದಲ್ಲಿ ಸ್ಥಾಪಿತವಾದ 'ಕ್ರಿಸ್ತನ ಸಂಘ'ವೆಂಬ ಯೋಧ-ಸಂನ್ಯಾಸಿಗಳ ಪಂಗಡಕ್ಕೆ ಸೇರಿದುದು. ಸಮುದ್ರಯಾನಗಳಿಗೆ ಧನವನ್ನೂ ಧರ್ಮದ ಅಭಯವನ್ನೂ ಒದಗಿಸಿದುದು ಆ ಸಂಘವೇ ಆದುದರಿಂದ, ಮೆಣಸಿನ ವ್ಯಾಪಾರಕ್ಕೆ ಹೊರಟ ಹಡಗುಗಳೂ ಅದರ ಲಾಂಛನವನ್ನು ಧರಿಸಿಯೇ ಹೊರಟವು. ಆ ಲಾಂಛನದ ಮೂಲದಲ್ಲಿದ್ದ ಅರ್ಥವು ಈ ಕರಾವಳಿಯ ಕ್ರೈಸ್ತರ ಜೀವನದೊಳಕ್ಕೆ ಇಳಿಯಲು ಸುಮಾರು ಮುನ್ನೂರು ವರ್ಷಗಳು ಹಿಡಿದವು. ಅದೂ ರಾಜ್ಯ ಗೆದ್ದವರ ಕೈಯಿಂದಲ್ಲದೆ, ಮನೆಮಾರು ಕಳೆದುಕೊಂಡವರ ಬಾಳಿನಿಂದಲೇ ಇಳಿಯಬೇಕಾಯಿತು. ಆ ಕಥೆಯನ್ನು ಹೇಳುವುದೇ ಈ ಲೇಖನದ ಉದ್ದೇಶ.

ಶಿಲುಬೆಯು ಮೂಲತಃ ರೋಮನ್ ಸಾಮ್ರಾಜ್ಯದ ಅತ್ಯಂತ ಹೇಯವಾದ ದಂಡನೆಯ ಸಾಧನವಾಗಿದ್ದಿತೆಂಬುದನ್ನು ನಾವು ಮರೆಯತಕ್ಕದ್ದಲ್ಲ. ರೋಮಿನ ಪ್ರಜೆಯಾದವನಿಗೆ ಸಾಮಾನ್ಯವಾಗಿ ಆ ಮರಣವನ್ನು ವಿಧಿಸುತ್ತಿರಲಿಲ್ಲ. ಅದು ಗುಲಾಮರಿಗೆ, ದಂಗೆಕೋರರಿಗೆ, ಹೆಸರಿಲ್ಲದವರಿಗೆ ಮೀಸಲಾಗಿದ್ದ ಮರಣ. ಕ್ರಿಸ್ತಪೂರ್ವ ೭೧ರಲ್ಲಿ ಸ್ಪಾರ್ಟಕಸನ ದಂಗೆಯು ಅಡಗಿದಾಗ ಸೆರೆಸಿಕ್ಕ ಆರು ಸಾವಿರ ಗುಲಾಮರನ್ನು ಕಪುವಾ ನಗರದಿಂದ ರೋಮಿನವರೆಗಿನ ರಾಜಮಾರ್ಗದ ಉದ್ದಕ್ಕೂ ಶಿಲುಬೆಗೇರಿಸಿದರಂತೆ. ದಾರಿಹೋಕರು ನೋಡಿ ನಡುಗಲಿ ಎಂಬುದೇ ಅದರ ಪ್ರಯೋಜನ. ಯೂದಾಯದ ಆಡಳಿತಾಧಿಕಾರಿಯಾಗಿ ೨೬ರಿಂದ ೩೬ರವರೆಗೆ ಇದ್ದ ಪೊಂತಿಯಸ್ ಪಿಲಾತನು ಯೇಸುವಿಗೆ ವಿಧಿಸಿದುದು ಈ ದಂಡನೆಯನ್ನೇ. ಆ ಘಟನೆ ೩೦ನೆಯ ವರ್ಷದ್ದೋ ೩೩ರದ್ದೋ ಎಂಬುದರಲ್ಲಿ ವಿದ್ವಾಂಸರು ಭಿನ್ನಮತೀಯರಾಗಿದ್ದಾರೆ. ಪಾಸ್ಕಹಬ್ಬದ ಭೋಜನಕ್ಕೆ ಮುಂಚೆಯೋ ಅನಂತರವೋ ಎಂಬುದರಲ್ಲಿ ಸುವಾರ್ತೆಗಳೇ ಏಕವಾಕ್ಯತೆಯನ್ನು ಹೊಂದಿಲ್ಲ. ಆದರೆ ಘಟನೆಯು ನಡೆದುದರ ವಿಷಯದಲ್ಲಿ, ಕ್ರೈಸ್ತನಲ್ಲದ ರೋಮನ್ ಇತಿಹಾಸಕಾರ ತಾಸಿತನ ಸಾಕ್ಷ್ಯವೂ ಇರಲಾಗಿ, ಸಂಶಯಪಡುವವರು ವಿರಳ.

ತಮ್ಮ ದೇವರು ಗುಲಾಮನ ಮರಣವನ್ನು ಹೊಂದಿದನೆಂದು ಒಪ್ಪಿಕೊಳ್ಳಬೇಕಾಗಿ ಬಂದ ಮೊದಲಿನ ಕ್ರೈಸ್ತರಿಗೆ ಅದು ಹೆಮ್ಮೆಯ ವಿಷಯವಾಗಿರಲಿಲ್ಲ. ಅದು ಯೆಹೂದ್ಯರಿಗೆ ಎಡವುಗಲ್ಲೂ ಗ್ರೀಕರಿಗೆ ಮರುಳೂ ಆಗಿ ತೋರುತ್ತದೆಂಬುದನ್ನು ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾನೆ. ಮೊದಲಿನ ಮೂರು ಶತಮಾನಗಳಲ್ಲಿ ಅವರು ಮೀನನ್ನು ಬರೆದರು, ಲಂಗರನ್ನು ಬರೆದರು, ಕುರಿಮರಿಯನ್ನು ಹೊತ್ತ ಕುರುಬನನ್ನು ಬರೆದರು. ಶಿಲುಬೆಯ ಮೇಲಿನ ದೇಹವನ್ನು ಬರೆಯುವ ಧೈರ್ಯ ಅವರಿಗೆ ಬರಲಿಲ್ಲವೆಂದೇ ಹೇಳಬೇಕು. ೩೧೨ರ ಯುದ್ಧದಲ್ಲಿ ಕ್ರಿಸ್ತನ ಚಿಹ್ನೆಯ ಕೆಳಗೆ ಜಯವನ್ನು ಪಡೆದನೆಂದು ಪ್ರತೀತಿಯುಳ್ಳ ಕಾನ್‌ಸ್ಟಂಟೈನ್ ಚಕ್ರವರ್ತಿಯು ಆ ದಂಡನೆಯನ್ನು ರದ್ದುಮಾಡಿದ ಮೇಲೆ, ಅದರ ಭೀಕರತೆಯನ್ನು ಕಣ್ಣಾರೆ ಕಂಡವರು ಇಲ್ಲವಾಗುತ್ತ ಬಂದಂತೆ, ಶಿಲುಬೆಯು ಮೆಲ್ಲಮೆಲ್ಲನೆ ಜಯಧ್ವಜವಾಯಿತು. ಹಾಯಿಯ ಮೇಲೆ ಅದನ್ನು ಬರೆಯಲು ಸಾಧ್ಯವಾದುದು ಈ ಪರಿವರ್ತನೆಯಿಂದ.

ಆ ಮರಣದಿಂದ ಮನುಷ್ಯನಿಗೆ ಆದ ಉಪಕಾರವಾದರೂ ಏನು? ಮೊದಲಿನ ಆಚಾರ್ಯರು ಅದನ್ನು ಸೆರೆಯಲ್ಲಿದ್ದ ಮನುಷ್ಯಕುಲವನ್ನು ಬಿಡಿಸಲು ತೆತ್ತ ಒತ್ತೆಹಣವೆಂದರು. ಹನ್ನೊಂದನೆಯ ಶತಮಾನದ ಅಂತ್ಯದಲ್ಲಿ ಧರ್ಮಪಂಡಿತನಾದ ಆನ್ಸೆಲ್ಮನು, ಮನುಷ್ಯನ ಪಾಪದಿಂದ ಕುಂದಿದ ದೇವರ ಗೌರವಕ್ಕೆ ಮನುಷ್ಯನೇ ಋಣ ಸಲ್ಲಿಸಬೇಕಾಗಿದ್ದಿತು, ಆದರೆ ಸಲ್ಲಿಸುವ ಶಕ್ತಿ ದೇವರಿಗೆ ಮಾತ್ರ ಇದ್ದಿತು, ಆದುದರಿಂದಲೇ ದೇವರು ಮನುಷ್ಯನಾದನು ಎಂದು ತರ್ಕಬದ್ಧವಾಗಿ ವಾದಿಸಿದನು. ಅವನ ಅನಂತರ ಬಂದ ಅಬೆಲಾರ್ಡನು ಈ ಲೆಕ್ಕಾಚಾರವನ್ನು ಒಪ್ಪದೆ, ಅಷ್ಟು ದೂರ ಬಂದ ಪ್ರೀತಿಯನ್ನು ಕಂಡು ಮನುಷ್ಯನ ಹೃದಯವು ಕರಗಿ ತಿರುಗುವುದೇ ಆ ಮರಣದ ಫಲವೆಂದನು. ಈ ವಾದಗಳಲ್ಲಿ ಯಾವೊಂದನ್ನೂ ಕೆಥೋಲಿಕ ಧರ್ಮಸಭೆಯು ಏಕಮಾತ್ರ ಸಿದ್ಧಾಂತವೆಂದು ವಿಧಿಸಲಿಲ್ಲ. ಪೂಜೆಯಲ್ಲಿ ಪಠಿಸುವ ವಿಶ್ವಾಸಸಂಗ್ರಹವು ಆತನು ನಮ್ಮ ನಿಮಿತ್ತ ಶಿಲುಬೆಗೇರಿಸಲ್ಪಟ್ಟನೆಂದು ಹೇಳಿ, ಅದು ಹೇಗೆ ನಮ್ಮ ನಿಮಿತ್ತವಾಯಿತೆಂಬುದನ್ನು ವಿವರಿಸದೆ ಬಿಟ್ಟಿದೆ. ಬಿಟ್ಟ ಆ ಸ್ಥಳವನ್ನು ಒಂದೊಂದು ಕಾಲದ, ಒಂದೊಂದು ದೇಶದ ಜನರು ತಮ್ಮ ಬಾಳಿನಿಂದಲೇ ತುಂಬಿಕೊಳ್ಳುತ್ತ ಬಂದಿದ್ದಾರೆ. ನಮ್ಮ ಕರಾವಳಿಯವರೂ ತುಂಬಿದರು.

೧೫೦೨ರಲ್ಲಿ ತನ್ನ ಎರಡನೆಯ ಯಾನದಲ್ಲಿ ಬಂದ ವಾಸ್ಕೋ ಡ ಗಾಮನು ಭಟ್ಕಳದ ಬಂದರಕ್ಕೆ ನುಗ್ಗಿ, ಅಲ್ಲಿಯ ಅರಸನಿಂದ ವರ್ಷಂಪ್ರತಿ ಅಕ್ಕಿಯ ಕಪ್ಪವನ್ನೂ, ಮೆಣಸಿನ ವ್ಯಾಪಾರದ ಮೇಲೆ ನಿರ್ಬಂಧವನ್ನೂ ಒಪ್ಪಿಸಿಕೊಂಡನು. ೧೫೦೫ರಲ್ಲಿ ಮೊದಲನೆಯ ವೈಸರಾಯ್ ಅಲ್ಮೇಡನು ಹೊನ್ನಾವರದ ಹಡಗುಗಳಿಗೆ ಬೆಂಕಿಯಿಟ್ಟನು. ಐದು ವರ್ಷಗಳ ತರುವಾಯ ಅದೇ ಹೊನ್ನಾವರದ ನೌಕಾನಾಯಕ ತಿಮ್ಮೋಜನು ಪೋರ್ತುಗೀಸ ಗವರ್ನರ್ ಆಲ್ಬುಕರ್ಕನ ಕೈಹಿಡಿದು ಗೋವೆಯ ದಾರಿಯನ್ನು ತೋರಿಸಿದುದನ್ನು ಓದುವಾಗ, ಇತಿಹಾಸದಲ್ಲಿ ಪೀಡಿತನೂ ಸಹಾಯಕನೂ ಎಷ್ಟು ಬೇಗ ಒಬ್ಬನೇ ಆಗಬಲ್ಲನೆಂದು ಮನಸ್ಸಿಗೆ ನೋವಾಗುತ್ತದೆ. ೧೫೪೨ರಲ್ಲಿ ಭಟ್ಕಳವನ್ನು ಗವರ್ನರ್ ಮಾರ್ಟಿಂ ಅಫೊನ್ಸೊ ಡಿ ಸೋಜನು ಸೂರೆಮಾಡಿ ಸುಟ್ಟನು. ೧೫೬೯ರಲ್ಲಿ ಗೇರುಸೊಪ್ಪೆಯ ರಾಣಿಯ ಅಧೀನದಲ್ಲಿದ್ದ ಹೊನ್ನಾವರದ ಕೋಟೆಯು ವೈಸರಾಯ್ ಅತಾಯಿದೆಯ ವಶವಾಯಿತು. ಈ ದಾಳಿಗಳಲ್ಲಿ ಬಹಳವಾಗಿ ನೊಂದವರು ಅರಬ್ಬೀ ಸಮುದ್ರದ ವ್ಯಾಪಾರವನ್ನೇ ಜೀವನೋಪಾಯವಾಗಿ ಉಳ್ಳವರಾಗಿದ್ದ ಮುಸಲ್ಮಾನರು. ಮಲಬಾರಿನ ವಿದ್ವಾಂಸ ಶೇಖ್ ಜೈನುದ್ದೀನನು ಹದಿನಾರನೆಯ ಶತಮಾನದ ಕೊನೆಯಲ್ಲಿ ಬರೆದ 'ತುಹ್ಫತುಲ್ ಮುಜಾಹಿದೀನ್' ಎಂಬ ಗ್ರಂಥವು ಪಶ್ಚಿಮ ಕರಾವಳಿಯ ಮುಸಲ್ಮಾನರು ಪೋರ್ತುಗೀಸರಿಂದ ಅನುಭವಿಸಿದ ದುಃಖಗಳ ದೀರ್ಘವಾದ ಪಟ್ಟಿಯಾಗಿದೆ. ಆ ದುಃಖದ ನೆನಪು ಸುಲಭವಾಗಿ ಅಳಿಯುವಂತಹುದಾಗಿರಲಿಲ್ಲ. ಇನ್ನೂರು ವರ್ಷಗಳ ಅನಂತರ ಅದು ಮತ್ತೆ ತಲೆಯೆತ್ತಿತು.

ಇದೇ ಕಾಲದಲ್ಲಿ ಗೋವೆಯಿಂದ ತೆಂಕಣಕ್ಕೆ ಕೊಂಕಣಿಯನ್ನಾಡುವ ಜನರ ಎರಡು ಪ್ರವಾಹಗಳು ಹರಿದವು. ದೇವಾಲಯಗಳು ನೆಲಸಮವಾಗುತ್ತಿದ್ದುದನ್ನು ಕಂಡು, ಕುಲದೇವತೆಗಳನ್ನೂ ಗಂಟುಮೂಟೆಯನ್ನೂ ಹೊತ್ತು, ಗೌಡ ಸಾರಸ್ವತರು ಮೊದಲು ಬಂದರು. ತರುವಾಯ ಬಂದವರು ಕ್ರೈಸ್ತರು. ೧೫೬೦ರಲ್ಲಿ ಗೋವೆಯಲ್ಲಿ ಸ್ಥಾಪಿತವಾದ ಧರ್ಮವಿಚಾರಣೆಯ ನ್ಯಾಯಸ್ಥಾನವು ಹೊಸದಾಗಿ ಸ್ನಾನದೀಕ್ಷೆ ಪಡೆದವರ ಮನೆಯ ಉಡುಪು, ಊಟ, ಮದುವೆಯ ಹಾಡುಗಳನ್ನು ಕೂಡ ಶೋಧಿಸತೊಡಗಿದಾಗ, ಕ್ಷಾಮ, ತೆರಿಗೆ, ಯುದ್ಧಭಯಗಳೂ ಅದರ ಜೊತೆಗೂಡಿದಾಗ, ಅವರೂ ಅದೇ ದಾರಿಯನ್ನು ಹಿಡಿದರು. ಕ್ರಿಸ್ತನನ್ನು ಬಿಡಲೊಲ್ಲದೆ, ಕ್ರಿಸ್ತನ ಹೆಸರಿನಲ್ಲಿ ಆಳುವವರಿಂದ ತಪ್ಪಿಸಿಕೊಂಡು ಬಂದ ಈ ಜನರ ಸ್ಥಿತಿಯು ವಿಚಾರಮಾಡತಕ್ಕದ್ದು. ಗೋವೆಯಲ್ಲಿ ಇವರು ಪ್ರಭುಗಳ ಮತದವರು; ಘಟ್ಟದ ಕೆಳಗಿನ ಈ ಗದ್ದೆ-ಗಜನಿಗಳಲ್ಲಿ ಇವರು ಕೆಳದಿಯ ವೀರಶೈವ ಅರಸರ ಪ್ರಜೆಗಳು, ಅಡಕೆ ತೆಂಗುಗಳ ಒಕ್ಕಲುಗಳು.

ಅವರು ತಂದುದರಲ್ಲಿ ಒಂದು ಕಾವ್ಯವೂ ಇದ್ದಿತು. ಇಂಗ್ಲೆಂಡಿನಲ್ಲಿ ಹುಟ್ಟಿ ೧೫೭೯ರಲ್ಲಿ ಗೋವೆಗೆ ಬಂದು ಅಲ್ಲಿಯೇ ತೀರಿಕೊಂಡ ಜೆಸ್ವಿತ ಪಾದ್ರಿ ಥಾಮಸ್ ಸ್ಟೀಫನ್ಸರು, ಕೊಂಕಣಿಯ ಬೆರಕೆಯುಳ್ಳ ಮರಾಠಿಯಲ್ಲಿ ಓವಿ ಛಂದಸ್ಸಿನಲ್ಲಿ ರಚಿಸಿ ೧೬೧೬ರಲ್ಲಿ ರಾಯತೂರಿನಲ್ಲಿ ಅಚ್ಚುಹಾಕಿಸಿದ 'ಕ್ರಿಸ್ತಪುರಾಣ'ವು ಒಟ್ಟು ೧೦,೯೬೨ ಓವಿಗಳ ಮಹಾಗ್ರಂಥ. ಅದರ ಎರಡನೆಯ ಭಾಗವು ಕ್ರಿಸ್ತನ ಜನ್ಮದಿಂದ ಹಿಡಿದು ಯಾತನೆ, ಮರಣ, ಪುನರುತ್ಥಾನಗಳವರೆಗಿನ ಕಥೆಯನ್ನು ೫೯ ಅಧ್ಯಾಯಗಳಲ್ಲಿ ಹೇಳುತ್ತದೆ. ಹದಿನೇಳನೆಯ ಶತಮಾನದಲ್ಲಿ ಮೂರು ಬಾರಿ ಅಚ್ಚಾದ ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಅದು ಉಳಿದುದು ಕೈಬರಹದ ಪ್ರತಿಗಳಲ್ಲಿ ಮತ್ತು ಹಾಡುವವರ ಕಂಠದಲ್ಲಿ, ೧೯೦೭ರಲ್ಲಿ ಜೆ. ಎಲ್. ಸಲ್ಡಾನರು ಮಂಗಳೂರಿನಲ್ಲಿ ಅದನ್ನು ಮತ್ತೆ ಅಚ್ಚಿಗೆ ತಂದುದು ಅಂತಹ ಹಸ್ತಪ್ರತಿಗಳಿಂದ. ಪುರಾಣ ಪ್ರವಚನವನ್ನು ಕೇಳಿ ಬೆಳೆದ ಜನಕ್ಕೆ ಪುರಾಣದ ರೂಪದಲ್ಲಿಯೇ ಶಿಲುಬೆಯ ಕಥೆಯನ್ನು ಕೊಟ್ಟ ಈ ಪಾದ್ರಿಯ ದೂರದೃಷ್ಟಿಯನ್ನು, ಅವರಿಗೂ ತಿಳಿಯದಿದ್ದ ಒಂದು ಕಾರಣಕ್ಕಾಗಿ, ನಾನು ಈ ಇತಿಹಾಸದ ದೊಡ್ಡ ತಿರುವೆಂದು ಭಾವಿಸುತ್ತೇನೆ.

ಕಾರಣವೆಂದರೆ ಇದು. ಕೆಥೋಲಿಕ ವಿಶ್ವಾಸದಲ್ಲಿ ಕ್ರಿಸ್ತನ ಮರಣವು ಎಂದೋ ನಡೆದುಹೋದ ಘಟನೆ ಮಾತ್ರವಲ್ಲ. ಪಾದ್ರಿಯು ಪೀಠದ ಮೇಲೆ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಅರ್ಪಿಸುವಾಗ ಆ ಒಂದೇ ಬಲಿಯು ರಕ್ತವಿಲ್ಲದೆ ಮತ್ತೆ ಸನ್ನಿಹಿತವಾಗುತ್ತದೆಂದು, ೧೫೪೫ರಿಂದ ೧೫೬೩ರವರೆಗೆ ನಡೆದ ತ್ರೆಂತ್ ನಗರದ ಮಹಾಸಭೆಯು ವಿಧಿಸಿದ್ದಿತು. ಹಾಗಾದರೆ ಪಾದ್ರಿಯೇ ಇಲ್ಲದ ಊರಿನಲ್ಲಿ ಶಿಲುಬೆಯ ಸನ್ನಿಧಿಯೆಲ್ಲಿ? ಈ ಪ್ರಶ್ನೆಯು ಪಂಡಿತರದಾಗಿ ಉಳಿಯದೆ ಹೊನ್ನಾವರ ಭಟ್ಕಳಗಳ ಸಾಮಾನ್ಯ ಜನರದಾಯಿತು. ೧೬೨೩ರಲ್ಲಿ, ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟ ಪೋರ್ತುಗೀಸ ರಾಯಭಾರಿಯ ಜೊತೆಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲೆಯು ಹೊನ್ನಾವರದ ಕೋಟೆಯಲ್ಲಿ ಇಳಿದಾಗ, ಕರಾವಳಿಯಲ್ಲಿ ಪೋರ್ತುಗೀಸರ ಪ್ರಭಾವವು ಆಗಲೇ ಇಳಿಮುಖವಾಗಿದ್ದಿತು. ಕೆಳದಿಯ ಶಿವಪ್ಪ ನಾಯಕನು ೧೬೫೨ರಿಂದ ೧೬೫೪ರೊಳಗೆ ಹೊನ್ನಾವರ, ಬಸರೂರು, ಗಂಗೊಳ್ಳಿ, ಮಂಗಳೂರುಗಳ ಕೋಟೆಗಳನ್ನು ಕಸಿದುಕೊಂಡ ಮೇಲೆ ಪಾದ್ರಿಗಳೂ ವಿರಳವಾದರು. ಸ್ನಾನದೀಕ್ಷೆಯನ್ನು ಅಗತ್ಯಬಿದ್ದಾಗ ಯಾರಾದರೂ ಕೊಡಬಹುದು. ಪೂಜೆಯನ್ನು ಪಾದ್ರಿಯಲ್ಲದವನು ಅರ್ಪಿಸಲಾಗದು. ಪೀಠವು ಬರಿದಾದಾಗ ಜಪಸರವೂ ಹಾಡಿನ ಕಥೆಯೂ ಜನರ ಕೈಯಲ್ಲಿ ಉಳಿದವು.

ಕೆಳದಿಯ ದೊರೆಗಳ ವಿಷಯದಲ್ಲಿ ನ್ಯಾಯವಾದ ಮಾತನ್ನು ಆಡಬೇಕು. ಅವರು ಪೋರ್ತುಗೀಸರ ಕೋಟೆಗಳನ್ನು ಒಡೆದರು, ಆದರೆ ಪೋರ್ತುಗೀಸರ ಮತದವರನ್ನು ಒಕ್ಕಲೆಬ್ಬಿಸಲಿಲ್ಲ. ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿ ೧೬೭೮ರಲ್ಲಿ ಆದ ಒಪ್ಪಂದದ ಮೇರೆಗೆ ಮಿರ್ಜಾನ, ಚಂದಾವರ, ಭಟ್ಕಳ, ಕಲ್ಯಾಣಪುರಗಳಲ್ಲಿ ಇಗರ್ಜಿಗಳನ್ನು ಕಟ್ಟಲು ಅನುಮತಿ ದೊರೆಯಿತು. ಇವುಗಳಲ್ಲಿ ಮೊದಲಿನ ಮೂರು ಕುಮಟೆಯಿಂದ ಭಟ್ಕಳದವರೆಗಿನ ನಮ್ಮ ನೆಲದವು. ಒಬ್ಬ ಶಿವಭಕ್ತೆಯಾದ ರಾಣಿಯ ಸನ್ನದಿನಿಂದ ಎದ್ದು ನಿಂತ ಈ ಇಗರ್ಜಿಗಳ ಶಿಲುಬೆಗೂ, ತೋಪಿನ ಬಲದಿಂದ ನೆಟ್ಟ ಶಿಲುಬೆಗೂ ಮರ ಒಂದೇ ಆದರೂ ಅರ್ಥವು ಬೇರೆ.

ಆದರೂ ಜನರ ಕಷ್ಟ ಮುಗಿಯಲಿಲ್ಲ. ಪೌರ್ವಾತ್ಯ ದೇಶಗಳ ಧರ್ಮಸಭೆಯ ಮೇಲೆ ಪೋರ್ತುಗಲ್ಲಿನ ದೊರೆಗೆ ಪೋಪರು ಹಿಂದೆ ಕೊಟ್ಟಿದ್ದ 'ಪದ್ರುವಾದೊ' ಅಧಿಕಾರಕ್ಕೂ, ರೋಮಿನಲ್ಲಿ ೧೬೨೨ರಲ್ಲಿ ಸ್ಥಾಪಿತವಾದ 'ಪ್ರೊಪಗಾಂದ' ಎಂಬ ಧರ್ಮಪ್ರಚಾರ ಮಂಡಲಿಗೂ ತಿಕ್ಕಾಟ ಹತ್ತಿ, ರೋಮು ಕಳುಹಿಸಿದ ಬಿಷಪ್ ಥಾಮಸ್ ಡಿ ಕಾಸ್ಟ್ರೊ ಒಂದು ಕಡೆ, ಗೋವೆಯ ಅಧಿಕಾರಿಗಳು ಮತ್ತೊಂದು ಕಡೆ ನಿಂತು, ಯಾವ ಪಾದ್ರಿಯ ಕೈಯ ಸಂಸ್ಕಾರವು ಸಿಂಧು ಯಾವುದು ಅಸಿಂಧು ಎಂಬ ಗೊಂದಲದಲ್ಲಿ ಒಕ್ಕಲುಮಕ್ಕಳು ಸಿಕ್ಕಿಬಿದ್ದರು. ಆ ಸಮಯದಲ್ಲಿ, ೧೬೮೧ರಲ್ಲಿ, ಗೋವೆಯ ಬಾಣಾವಳಿಯಲ್ಲಿ ಹುಟ್ಟಿದ ಮೂವತ್ತು ವರ್ಷದ ಪಾದ್ರಿ ಜೋಸೆಫ್ ವಾಜರು ಗೋವೆಯ ಪರವಾಗಿ ಈ ಕರಾವಳಿಯನ್ನೊಳಗೊಂಡ ಕನ್ನಡ ಜಿಲ್ಲೆಗೆ (ಕೆನರಾ) ಅಧಿಕಾರಿಯಾಗಿ ಬಂದರು. ಅವರ ಮಾತೃಭಾಷೆ ಕೊಂಕಣಿ; ಅವರ ಪ್ರಯಾಣ ಕಾಲ್ನಡಿಗೆ; ಹೊನ್ನಾವರದಿಂದ ಮಂಗಳೂರಿನವರೆಗೆ ಚದುರಿಹೋಗಿದ್ದ ಮಂದೆಯನ್ನು ಒಂದುಗೂಡಿಸುವುದರಲ್ಲಿಯೇ ಅವರ ಮೂರು ವರ್ಷಗಳು ಸವೆದವು. ಅಧಿಕಾರದ ವ್ಯಾಜ್ಯದಲ್ಲಿ ಅವರು ಗೋವೆಯ ಪಕ್ಷವನ್ನು ಬಿಡಲಿಲ್ಲವಾದರೂ, ಎದುರು ಪಕ್ಷದ ಬಿಷಪರನ್ನು ಕಂಡು ವಿನಯದಿಂದ ಮಾತನಾಡಿ, ಜನರ ಸಂಸ್ಕಾರಗಳು ನಿಲ್ಲದಂತೆ ಮಾಡಿಕೊಂಡರು. ಜಯವನ್ನು ಬೇಡದ ಈ ಬಗೆಯ ಸೇವೆಯೇ ಶಿಲುಬೆಯ ವ್ಯಾಖ್ಯಾನವೆಂದು ನನಗೆ ತೋರುತ್ತದೆ. ೧೬೮೪ರಲ್ಲಿ ಗೋವೆಗೆ ಮರಳಿದ ಅವರು ಮುಂದೆ ಸಿಂಹಳಕ್ಕೆ ಹೋಗಿ, ಡಚ್ಚರ ಕಾಟದಿಂದ ಅಡಗಿದ್ದ ಅಲ್ಲಿಯ ಕೆಥೋಲಿಕರಿಗೆ ಕೂಲಿಯವನ ವೇಷದಲ್ಲಿ ಪಾದ್ರಿಯಾಗಿ, ೧೭೧೧ರಲ್ಲಿ ಕ್ಯಾಂಡಿಯಲ್ಲಿ ದೇಹವಿಟ್ಟರು. ೨೦೧೫ರಲ್ಲಿ ಪೋಪ್ ಫ್ರಾನ್ಸಿಸರು ಕೊಲಂಬೋ ನಗರದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

೧೭೬೩ರಲ್ಲಿ ಹೈದರಲಿಯು ಕೆಳದಿ ಅರಸರ ರಾಜಧಾನಿಯಾಗಿದ್ದ ಬಿದನೂರನ್ನು ಗೆದ್ದುದರಿಂದ ಈ ಕರಾವಳಿಯು ಮೈಸೂರಿಗೆ ಸೇರಿತು. ಹೈದರನ ಕಾಲದಲ್ಲಿ ಕ್ರೈಸ್ತರಿಗೆ ವಿಶೇಷವಾದ ತೊಂದರೆಯಾಗಲಿಲ್ಲ. ಆದರೆ ಎರಡನೆಯ ಮೈಸೂರು ಯುದ್ಧದಲ್ಲಿ, ೧೭೮೩ರ ಜನವರಿಯಲ್ಲಿ, ಇಂಗ್ಲಿಷ್ ಸೇನಾಪತಿ ಮ್ಯಾಥ್ಯೂಸನು ಹೊನ್ನಾವರವನ್ನು ಲಗ್ಗೆಯಿಂದ ಹಿಡಿದು ಘಟ್ಟ ಹತ್ತಿ ಬಿದನೂರಿನವರೆಗೂ ಹೋದನು. ಟಿಪ್ಪು ಸುಲ್ತಾನನು ಹಿಂದಿರುಗಿ ಬಂದು ಅವನನ್ನು ಸೆರೆಹಿಡಿದನು, ಮಂಗಳೂರಿಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದನು. ಹೊನ್ನಾವರದ ಕೋಟೆಯು ಮಾತ್ರ ಕ್ಯಾಪ್ಟನ್ ಟೊರಿಯಾನೋವಿನ ಕೈಯಲ್ಲಿ ಕೊನೆಯವರೆಗೂ ಉಳಿದು, ೧೭೮೪ರ ಮಾರ್ಚ್ ೧೧ರ ಮಂಗಳೂರು ಒಪ್ಪಂದದ ಪ್ರಕಾರ ಟಿಪ್ಪುವಿಗೆ ಮರಳಿತು. ಈ ಯುದ್ಧದಲ್ಲಿ ಕ್ರೈಸ್ತರು ಇಂಗ್ಲಿಷರಿಗೆ ಹಣವನ್ನೂ ದವಸವನ್ನೂ ಒದಗಿಸಿದರೆಂಬ ಆರೋಪ ಬಂದಿತು.

೧೭೮೪ರ ಫೆಬ್ರವರಿ ಕೊನೆಯ ವಾರದಲ್ಲಿ ಬೂದಿ ಬುಧವಾರವು ಬಿದ್ದಿದ್ದಿತು. ಹಿಂದಿನ ವರ್ಷದ ಗರಿಗಳ ಭಾನುವಾರದಂದು ಜನರು ಜಯಘೋಷ ಮಾಡಿ ಹಿಡಿದಿದ್ದ ಗರಿಗಳನ್ನೇ ಸುಟ್ಟು, ಆ ಬೂದಿಯಿಂದ ಹಣೆಗೆ ಶಿಲುಬೆಯನ್ನಿಟ್ಟು, ನಲವತ್ತು ದಿನಗಳ ತಪಸ್ಸಾದ ಕರೇಜ್ಮವನ್ನು ಪ್ರಾರಂಭಿಸುವ ದಿನವದು. ಕನ್ನಡ ಜಿಲ್ಲೆಯ ಕ್ರೈಸ್ತರನ್ನು ಏಕಕಾಲದಲ್ಲಿ ಹಿಡಿಯಲು ಟಿಪ್ಪುವಿನ ಆಜ್ಞೆಯು ಜಾರಿಯಾದುದು ಅದೇ ಸುಮಾರಿಗೆ. ಪಾದ್ರಿಗಳನ್ನು ಗೋವೆಗೆ ಗಡೀಪಾರು ಮಾಡಿದರು, ಇಗರ್ಜಿಗಳನ್ನು ಕೆಡವಿದರು, ಗದ್ದೆ-ತೋಟಗಳು ಬೇರೆಯವರ ಪಾಲಾದವು, ಮುದುಕರು, ಬಾಣಂತಿಯರು, ಮಕ್ಕಳು ಸಹ ಘಟ್ಟವನ್ನು ಹತ್ತಿ ಶ್ರೀರಂಗಪಟ್ಟಣದವರೆಗೆ ನಡೆಯಬೇಕಾಯಿತು, ದಾರಿಯಲ್ಲಿ ಅನೇಕರು ಸತ್ತರು. ಜಿಲ್ಲೆಯ ಇಗರ್ಜಿಗಳಲ್ಲಿ ಮೂಡುಬಿದಿರೆಯ ಬಳಿಯ ಹೊಸಬೆಟ್ಟಿನದೊಂದು ಮಾತ್ರ ಉಳಿಯಿತು. ಉಳಿಸಿದವನು ಜೈನನಾದ ಚೌಟ ಅರಸ. ಆ ಇಗರ್ಜಿಯು ಅರ್ಪಿತವಾಗಿದ್ದುದು ಪವಿತ್ರ ಶಿಲುಬೆಗೆ.

ಹಿಡಿದೊಯ್ದವರು ಎಷ್ಟು ಮಂದಿ, ಏಕೆ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಟಿಪ್ಪುವಿನ ಹೆಸರಿನಲ್ಲಿ ಬರೆದ 'ಸುಲ್ತಾನ್-ಉತ್-ತವಾರೀಖ್' ಅರವತ್ತು ಸಾವಿರವೆನ್ನುತ್ತದೆ. ಆಗ ಸೆರೆಯಲ್ಲಿದ್ದ ಇಂಗ್ಲಿಷನಾದ ಜೇಮ್ಸ್ ಸ್ಕರಿ ಮೂವತ್ತು ಸಾವಿರವೆನ್ನುತ್ತಾನೆ. ಕೆಲವರು ಇದನ್ನು ಶುದ್ಧವಾದ ಮತದ್ವೇಷವೆಂದು ಎಣಿಸುತ್ತಾರೆ. ಶೃಂಗೇರಿಯ ಮಠಕ್ಕೆ ನೆರವಾದ ಅದೇ ಸುಲ್ತಾನನ ಈ ಕ್ರಮವು ಯುದ್ಧಕಾಲದ ರಾಜದ್ರೋಹಕ್ಕೆ ವಿಧಿಸಿದ ಸಾಮೂಹಿಕ ದಂಡನೆಯೆಂದು ಬೇರೆ ಕೆಲವರು ವಾದಿಸುತ್ತಾರೆ. ಎರಡಕ್ಕೂ ಆಧಾರಗಳಿವೆ, ಇಂಗ್ಲಿಷರಿಗೆ ಸಹಾಯ ಮಾಡಿದವರಿದ್ದರೂ ತೊಟ್ಟಿಲ ಕೂಸುಗಳು ಮಾಡಿರಲಾರವು ಎಂಬುದನ್ನು ಮಾತ್ರ ಯಾವ ವಾದವೂ ಮರೆಸಬಾರದು. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಬೇರೊಂದು ಸಂಗತಿ. ಸುಲ್ತಾನನ ಆ ಗ್ರಂಥವು ಈ ಬಂಧನಕ್ಕೆ ಕೊಡುವ ಕಾರಣವು ಪೋರ್ತುಗೀಸರ ಹಳೆಯ ಕಥೆಯಿಂದಲೇ ಪ್ರಾರಂಭವಾಗುತ್ತದೆ: ವ್ಯಾಪಾರದ ನೆಪದಿಂದ ಬಂದು ನೆಲೆನಿಂತರು, ಮುಸಲ್ಮಾನರ ರೋಜಾ ನಮಾಜುಗಳನ್ನು ನಿಷೇಧಿಸಿದರು, ಮತವನ್ನು ಬಿಡದವರನ್ನು ಓಡಿಸಿದರು ಎಂಬ ದೂರು. ಭಟ್ಕಳ ಹೊನ್ನಾವರಗಳ ಬೂದಿಯಲ್ಲಿ ಹೂತುಹೋಗಿದ್ದ ಕೆಂಡವು ಹೀಗೆ ಮತ್ತೆ ಹೊತ್ತಿತು. ಆ ಹಡಗುಗಳಲ್ಲಿ ಬಂದವರು ಎಂದೋ ಹೊರಟುಹೋಗಿದ್ದರು. ಅವರಿಂದಲೇ ತಪ್ಪಿಸಿಕೊಂಡು ಬಂದಿದ್ದ ರೈತರ ಮೊಮ್ಮಕ್ಕಳು ಅವರ ಲೆಕ್ಕವನ್ನು ತೀರಿಸಬೇಕಾಯಿತು. ಅನ್ಯರ ಅಪರಾಧವನ್ನು ನಿರಪರಾಧಿಯು ಹೊರುವುದು ಎಂಬ ಮಾತು ಶಿಲುಬೆಯ ಕುರಿತಾದ ಧರ್ಮಗ್ರಂಥಗಳಲ್ಲಿ ಎಷ್ಟೋ ಸಲ ಬರುತ್ತದೆ. ಇಲ್ಲಿ ಅದು ಘಟ್ಟದ ದಾರಿಯಲ್ಲಿ ಕಾಲಿಟ್ಟು ನಡೆಯಿತು.

ಶ್ರೀರಂಗಪಟ್ಟಣದ ಹದಿನೈದು ವರ್ಷಗಳಲ್ಲಿ ತರುಣರನ್ನು ಬಲಾತ್ಕಾರದಿಂದ ಮತಾಂತರಿಸಿ ಅಹ್ಮದಿ ದಂಡುಗಳಿಗೆ ಸೇರಿಸಿದರು. ರೋಗವೂ ಹಸಿವೂ ಉಳಿದವರನ್ನು ಕಡಿಮೆ ಮಾಡಿದವು. ಪಾದ್ರಿಯಿಲ್ಲ, ಪೀಠವಿಲ್ಲ, ಪೂಜೆಯಿಲ್ಲ. ಹುಟ್ಟಿದ ಮಕ್ಕಳಿಗೆ ಗೃಹಸ್ಥರೇ ಸ್ನಾನದೀಕ್ಷೆಯನ್ನು ಕೊಟ್ಟರು. ಆ ಅವಧಿಯಲ್ಲಿ ಕ್ರಿಸ್ತಪುರಾಣ ಪಠನವೇ ತಮ್ಮ ಹಿರಿಯರಿಗೆ ಸಮಾಧಾನವನ್ನು ನೀಡಿತೆಂಬ ಪರಂಪರೆಯು ಮಂಗಳೂರಿನ ಕುಟುಂಬಗಳಲ್ಲಿ ಬಂದಿದೆ. ರಾಯತೂರಿನ ಪಾದ್ರಿಯು ಓವಿಗಳಲ್ಲಿ ಕಟ್ಟಿಟ್ಟ ಕಥೆಯು, ಪೀಠವನ್ನು ಕಳೆದುಕೊಂಡವರಿಗೆ ಪೀಠದ ಸ್ಥಾನದಲ್ಲಿ ನಿಂತಿತು. ಆನ್ಸೆಲ್ಮನ ಋಣವಾಗಲಿ ಅಬೆಲಾರ್ಡನ ಪ್ರೇಮವಾಗಲಿ ಆ ಸೆರೆಯಾಳುಗಳಿಗೆ ತಿಳಿದಿರಲಾರದು. ಆದರೆ ತಮ್ಮ ದೇವರೂ ಸೈನಿಕರ ಕೈಯಲ್ಲಿ ಸಿಕ್ಕಿದ್ದನು, ಬಟ್ಟೆಯನ್ನು ಕಳೆದುಕೊಂಡಿದ್ದನು, ಊರ ಹೊರಗೆ ಸತ್ತಿದ್ದನು ಎಂಬುದು ಅವರಿಗೆ ತಿಳಿದಿತ್ತು; ದುಃಖವನ್ನು ದೂರದಿಂದ ನೋಡಿ ಮರುಗುವವನಲ್ಲ, ಅದರ ಒಳಗೇ ಬಂದು ನಿಂತವನು ತಮ್ಮ ದೇವರೆಂಬ ನಂಬಿಕೆಯು, ನಾನು ತಿಳಿದಿರುವಂತೆ, ಶಿಲುಬೆಯ ಕುರಿತಾದ ಎಲ್ಲ ಸಿದ್ಧಾಂತಗಳ ಬುಡದಲ್ಲಿರುವ ನಂಬಿಕೆ. ಈ ಮಾತನ್ನು ಆಡುವಾಗ ಒಂದು ಎಚ್ಚರವೂ ಅಗತ್ಯ: ಅವರ ಸಂಕಟವನ್ನು ದೇವರೇ ಪಾಠ ಕಲಿಸಲು ಕಳುಹಿಸಿದನೆಂದು ಹೇಳುವ ಅಧಿಕಾರವು ಸುಖವಾಗಿ ಕುಳಿತು ಬರೆಯುವ ಯಾರಿಗೂ ಇಲ್ಲ.

೧೭೯೯ರ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದು ಟಿಪ್ಪುವು ಮಡಿದನು. ಸೆರೆಯಾಳುಗಳು ಬಿಡುಗಡೆ ಹೊಂದಿದರು. ಕ್ರೈಸ್ತರಾಗಿಯೇ ಉಳಿದು ಹೊರಬಂದವರು ೧೫,೦೦೦ದಿಂದ ೨೦,೦೦೦ ಎಂದು ಸಾಮಾನ್ಯವಾದ ಅಂದಾಜು. ಬಲಾತ್ಕಾರಕ್ಕೆ ಸೋತು ಮತವನ್ನು ಬಿಟ್ಟಿದ್ದವರನ್ನು ಮತ್ತೆ ಸೇರಿಸಿಕೊಳ್ಳುವ ಕೆಲಸವನ್ನು ಫ್ರೆಂಚ್ ಪಾದ್ರಿ ದುಬೊಯ್ ಕೈಗೊಂಡರು. ಸೋತವನನ್ನು ತಳ್ಳಿಬಿಡದ ಆ ಕಾರ್ಯಕ್ಕೆ, ಮೂರು ಬಾರಿ ಗುರುವನ್ನು ಅಲ್ಲಗಳೆದ ಪೇತ್ರನೇ ಧರ್ಮಸಭೆಯ ಹಿರಿಯನಾದನೆಂಬ ಸುವಾರ್ತೆಯ ಕಥೆಯು ಸಾಕಷ್ಟು ಆಧಾರವಾಗಿದ್ದಿತು. ಊರಿಗೆ ಮರಳಿದವರಿಗೆ ಊರೇ ಉಳಿದಿರಲಿಲ್ಲ. ೧೮೦೧ರಲ್ಲಿ ಇಂಗ್ಲಿಷ್ ಕಂಪೆನಿಯ ಪರವಾಗಿ ನಾಡಿನ ಸಮೀಕ್ಷೆ ಮಾಡುತ್ತ ಈ ದಾರಿಯಲ್ಲಿ ಬಂದ ಬುಕಾನನನು, ಹಿಂದೆ ದೊಡ್ಡ ವ್ಯಾಪಾರದ ಸ್ಥಳವಾಗಿದ್ದ ಹೊನ್ನಾವರವನ್ನು ಟಿಪ್ಪುವು ಹಾಳುಗೆಡವಿದನೆಂದೂ, ಚಂದಾವರವು ಪಾಳುಬಿದ್ದ ಪಟ್ಟಣವೆಂದೂ ಬರೆದಿದ್ದಾನೆ. ಗದ್ದೆಗಳ ಒಡೆತನಕ್ಕಾಗಿ ವರ್ಷಗಟ್ಟಲೆ ವ್ಯಾಜ್ಯಗಳು ನಡೆದವು. ಇಗರ್ಜಿಗಳು ಮೊದಲು ಸೋಗೆಯ ಮಾಡಿನಲ್ಲಿ, ಅನಂತರ ಹೆಂಚಿನಲ್ಲಿ ಮತ್ತೆ ಎದ್ದವು. ೧೮೬೨ರಲ್ಲಿ ಉತ್ತರ ಕನ್ನಡವು ಮುಂಬಯಿ ಇಲಾಖೆಗೆ ಸೇರಿ, ಮಂಗಳೂರಿನ ಸೋದರರಿಂದ ಆಡಳಿತದಲ್ಲಿ ಬೇರೆಯಾಯಿತು. ಬೆಳಗಾವಿಯ ಧರ್ಮಪ್ರಾಂತವು ೧೯೫೩ರಲ್ಲಿ, ಅದರಿಂದ ಒಡೆದ ಕಾರವಾರದ್ದು ೧೯೭೬ರಲ್ಲಿ ರಚಿತವಾದವು. ಕುಮಟೆ ಹೊನ್ನಾವರಗಳ ನಡುವಿನ ಚಂದಾವರದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಇಗರ್ಜಿಯಿದ್ದು, ಡಿಸೆಂಬರ್ ೩ರ ಹಬ್ಬಕ್ಕೆ ಕ್ರೈಸ್ತರೊಡನೆ ಹಿಂದೂಗಳೂ ಹರಕೆ ಹೊತ್ತು ಬರುವುದು ವಾಡಿಕೆಯಾಗಿದೆ.

ಶುಭ ಶುಕ್ರವಾರದಂದು ಈ ಇಗರ್ಜಿಗಳಲ್ಲಿ ಪೂಜೆಯಿಲ್ಲ. ಹಿಂದಿನ ಸಂಜೆಯಿಂದಲೇ ಗಂಟೆಗಳು ಸುಮ್ಮನಾಗಿ, ಅವುಗಳ ಬದಲಿಗೆ ಮರದ ಗಿಲಕಿಯು ಸದ್ದುಮಾಡುತ್ತದೆ. ಯೊವಾನ್ನನ ಸುವಾರ್ತೆಯ ಯಾತನಾವೃತ್ತಾಂತವನ್ನು ಓದುತ್ತಾರೆ. ಅನಂತರ ಧರ್ಮಸಭೆಗಾಗಿ, ಯೆಹೂದ್ಯರಿಗಾಗಿ, ಕ್ರಿಸ್ತನನ್ನು ನಂಬದವರಿಗಾಗಿ, ದೇವರನ್ನೇ ನಂಬದವರಿಗಾಗಿ, ನಾಡನ್ನು ಆಳುವವರಿಗಾಗಿ ಒಂದೊಂದಾಗಿ ಪ್ರಾರ್ಥಿಸುತ್ತಾರೆ. ಕ್ರಿಸ್ತನ ಮರಣದ ಹೊಣೆಯನ್ನು ಅಂದಿನ ಅಥವಾ ಇಂದಿನ ಯೆಹೂದ್ಯರೆಲ್ಲರ ಮೇಲೆ ಹೊರಿಸಕೂಡದೆಂದು ೧೯೬೫ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಸ್ಪಷ್ಟಪಡಿಸಿತು. ಒಂದು ಕಾಲದ ಕೆಲವರ ಕೃತ್ಯಕ್ಕೆ ಒಂದು ಕುಲವನ್ನೇ ಹೊಣೆಮಾಡುವುದು ಎಂತಹ ಅನ್ಯಾಯವೆಂಬುದನ್ನು ಅರಿಯಲು ೧೭೮೪ನ್ನು ಕಂಡವರ ವಂಶಸ್ಥರಿಗೆ ಮಹಾಸಭೆಯೇ ಹೇಳಬೇಕಾಗಿರಲಿಲ್ಲ. ಅದೇ ನ್ಯಾಯವು ಅವರ ನೆರೆಹೊರೆಗೂ ಸಲ್ಲತಕ್ಕದ್ದು. ಭಟ್ಕಳದ ಮುಸಲ್ಮಾನರಾದ ನವಾಯತರಿಗೆ ಈಸಾ, ಎಂದರೆ ಯೇಸು, ಪೂಜ್ಯನಾದ ಪ್ರವಾದಿ. ಆತನು ಶಿಲುಬೆಯ ಮೇಲೆ ಸಾಯಲಿಲ್ಲ, ದೇವರು ಆತನನ್ನು ತನ್ನ ಕಡೆಗೆ ಎತ್ತಿಕೊಂಡನೆಂಬುದು ಕುರಾನಿನ ಬೋಧೆ. ದೇವರು ತನ್ನ ಪ್ರವಾದಿಯನ್ನು ಅಂತಹ ಅಪಮಾನಕ್ಕೆ ಬಿಟ್ಟುಕೊಡಲಾರನೆಂಬ ಗೌರವವು ಆ ನಿರಾಕರಣೆಯ ಹಿಂದೆ ಇದೆ. ಆ ಅಪಮಾನಕ್ಕೂ ದೇವರು ಇಳಿದು ಬರಬಲ್ಲನೆಂಬ ವಿಶ್ವಾಸವು ಕ್ರೈಸ್ತನದು. ಒಂದೇ ಪೇಟೆಯಲ್ಲಿ ಮೀನನ್ನೂ ಅಕ್ಕಿಯನ್ನೂ ಕೊಳ್ಳುವ ಈ ಎರಡು ಜನಾಂಗಗಳು ಈ ಭೇದವನ್ನು ಇಟ್ಟುಕೊಂಡೇ ಬಾಳಿವೆ.

ಕನ್ನಡದ ಸಾಹಿತ್ಯದಲ್ಲಿಯೂ ಶಿಲುಬೆಯ ಕಥೆಯು ನೆಲೆಗೊಂಡಿತು. ನಿಘಂಟುಕಾರರಾದ ಕಿಟ್ಟೆಲ್ಲರು ೧೮೬೨ರ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿಗೆ ತಂದರು. ಅದು ಧರ್ಮಪ್ರಚಾರಕರೊಬ್ಬರ ಕರ್ತವ್ಯವಾಗಿದ್ದಿತು. ಕ್ರಿಸ್ತನ ಕಡೆಯ ದಿನವನ್ನು ಕುರಿತು ಕನ್ನಡದಲ್ಲಿ ಹುಟ್ಟಿದ ಶ್ರೇಷ್ಠ ಖಂಡಕಾವ್ಯವಾದ 'ಗೊಲ್ಗೊಥಾ'ವನ್ನು ರಚಿಸಿದವರಾದರೋ ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು. ಪೋರ್ತುಗೀಸರ ಕಾಲದಲ್ಲಿ ದೇವರನ್ನು ಹೊತ್ತು ಗೋವೆಯಿಂದ ಓಡಿಬಂದ ಗೌಡ ಸಾರಸ್ವತರ ಕುಲದಲ್ಲಿ ಹುಟ್ಟಿದ ಅವರು, ಯಾವ ಪಾದ್ರಿಯ ಪ್ರೇರಣೆಗೂ ಕಾಯದೆ, ತಮ್ಮ ಮತವನ್ನು ಬಿಡದೆ, ಬುದ್ಧನ ನಿರ್ವಾಣವನ್ನು ಹೇಳಿದ 'ವೈಶಾಖಿ'ಗೆ ತೋರಿದ ಶ್ರದ್ಧೆಯಿಂದಲೇ ಈ ಕಾವ್ಯವನ್ನೂ ಬರೆದರು. ಆ ಎರಡನ್ನೂ ಕನ್ನಡದ ಓದುಗರು ಇಂದಿಗೂ ಜೊತೆಯಲ್ಲಿಟ್ಟೇ ಓದುತ್ತಾರೆ.